ಉತ್ತರದ ನೆಲ ಇಂಗಾಲ ಹೀರುತ್ತಿದೆಯೋ, ಬಿಡುತ್ತಿದೆಯೋ? ಎರಡು ವರದಿಗಳ ನಡುವಿನ ಲೆಕ್ಕ

2024ರ ಡಿಸೆಂಬರ್‌ನಲ್ಲಿ ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ ತನ್ನ ವಾರ್ಷಿಕ ಆರ್ಕ್ಟಿಕ್ ವರದಿ ಹೊರತಂದಿತು. ಉತ್ತರ ಧ್ರುವದ ಸುತ್ತಲಿನ ಮರವಿಲ್ಲದ ಬಯಲು, ಅಂದರೆ ಟಂಡ್ರಾ, ಸಾವಿರಾರು ವರ್ಷಗಳಿಂದ ಗಾಳಿಯ ಇಂಗಾಲವನ್ನು ಹೀರಿ ಮಣ್ಣಲ್ಲಿ ಹೂತಿಟ್ಟ ನೆಲ. ಕಾಳ್ಗಿಚ್ಚಿನ ಹೊಗೆಯನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದೀಗ ಇಂಗಾಲವನ್ನು ಹೊರಗೆ ಬಿಡುವ ನೆಲವಾಗಿದೆ ಎಂದು ವರದಿ ಹೇಳಿತು. ಎರಡು ತಿಂಗಳು ಕಳೆಯುವ ಮೊದಲೇ, 2025ರ ಜನವರಿಯಲ್ಲಿ, ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು. ಉತ್ತರದ ಟಂಡ್ರಾ ಮತ್ತು ಕಾಡು ಒಟ್ಟಾಗಿ ಇನ್ನೂ ಇಂಗಾಲವನ್ನು ಹೀರುತ್ತಲೇ ಇವೆ, ಹೀರುವ ಪ್ರಮಾಣ ಹೆಚ್ಚುತ್ತಲೂ ಬಂದಿದೆ ಎಂದು ಅದರಲ್ಲಿತ್ತು.

ಇದನ್ನು ಓದಿದವರಿಗೆ ಗೊಂದಲ ಆಗುವುದು ಸಹಜ ಅಲ್ವಾ? ವಿಜ್ಞಾನಿಗಳಿಗೇ ಸರಿಯಾಗಿ ಗೊತ್ತಿಲ್ಲ ಎಂದು ತಳ್ಳಿಹಾಕುವುದೂ ಸುಲಭ. ಆದರೆ ಎರಡೂ ಕೆಲಸಗಳಲ್ಲಿ ಅಮೆರಿಕದ ವುಡ್‌ವೆಲ್ ಹವಾಮಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಮುಂದಿದ್ದರು. ಒಂದೇ ಬಳಗ ಎರಡು ತಿಂಗಳಲ್ಲಿ ಮಾತು ಬದಲಿಸಲಿಲ್ಲ. ಲೆಕ್ಕದೊಳಗೆ ಏನನ್ನು ಸೇರಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ನೋಡಿದರೆ ಎರಡೂ ಸುದ್ದಿಗಳು ಒಟ್ಟಿಗೆ ನಿಲ್ಲುತ್ತವೆ. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ: ಈ ಲೆಕ್ಕ ಯಾಕೆ ಇಷ್ಟು ಕಷ್ಟ, ಅಳತೆ ಎಲ್ಲೆಲ್ಲಿ ಸೋರುತ್ತದೆ ಎನ್ನುವುದು.

## ಗಡಿ ಎಲ್ಲಿ ಎಳೆದಿದ್ದಾರೆ ನೋಡಿ

ಜನವರಿಯ ಅಧ್ಯಯನ 2001ರಿಂದ 2020ರವರೆಗಿನ ಅವಧಿಯದು. ಸುಮಾರು 200 ಕಡೆಗಳಲ್ಲಿ ನಡೆದ ಅಳತೆಗಳನ್ನು ಕಲೆಹಾಕಿ, ಮಷಿನ್ ಲರ್ನಿಂಗ್ ಮಾದರಿಗಳಿಂದ ಇಡೀ ಪ್ರದೇಶಕ್ಕೆ ಹಿಗ್ಗಿಸಿದ್ದಾರೆ. ಪ್ರದೇಶ ಅಂದರೆ ಮರವಿಲ್ಲದ ಟಂಡ್ರಾ ಮಾತ್ರ ಅಲ್ಲ. ಅದರ ದಕ್ಷಿಣಕ್ಕೆ ಅಲಾಸ್ಕಾ, ಕೆನಡಾ, ಸ್ಕ್ಯಾಂಡಿನೇವಿಯಾ, ಸೈಬೀರಿಯಾದ ಉದ್ದಕ್ಕೂ ಹಬ್ಬಿರುವ ಸ್ಪ್ರೂಸ್, ಪೈನ್, ಲಾರ್ಚ್ ಮರಗಳ ಬೋರಿಯಲ್ ಕಾಡೂ ಸೇರಿದೆ. ಇಷ್ಟೂ ಸೇರಿ ವರ್ಷಕ್ಕೆ ಸರಾಸರಿ 54.8 ಕೋಟಿ ಟನ್ ಇಂಗಾಲವನ್ನು ಹೀರಿದೆ. ಬೆಂಕಿಯಲ್ಲಿ ಹೋದದ್ದನ್ನು ಕಳೆದರೆ ಅದು 31.9 ಕೋಟಿ ಟನ್ನಿಗೆ ಇಳಿಯುತ್ತದೆ. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಎನ್ನುವ ಮಾತಿಗೂ ಆಗ ಅಂಕಿಅಂಶದ ಬಲ ಉಳಿಯುವುದಿಲ್ಲ.

ಈಗ ಗಡಿಯನ್ನು ಇನ್ನಷ್ಟು ಕಿರಿದು ಮಾಡೋಣ. ಕನಿಷ್ಠ ಎರಡು ವರ್ಷ ಸತತವಾಗಿ ಹೆಪ್ಪುಗಟ್ಟಿಯೇ ಇರುವ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಬರೀ ಆ ಪ್ರದೇಶವನ್ನು ತೆಗೆದುಕೊಂಡು, ಬೆಂಕಿಯನ್ನೂ ಸೇರಿಸಿದರೆ ಹೀರಿದ್ದು ವರ್ಷಕ್ಕೆ 2.4 ಕೋಟಿ ಟನ್ ಮಾತ್ರ. ಈ ಅಂದಾಜು ಆಚೆಈಚೆ ಆಗಬಹುದಾದ ಅಂತರವೇ 12.3 ಕೋಟಿ ಟನ್. ಅಂದರೆ ನಿಜವಾದ ಸಂಖ್ಯೆ ಸೊನ್ನೆಯ ಯಾವ ಕಡೆಗಾದರೂ ಬೀಳಬಹುದು. ಒಟ್ಟು ಪ್ರದೇಶದ ಶೇ 30ಕ್ಕಿಂತ ಹೆಚ್ಚು ಭಾಗ, ಬೆಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮೊದಲೇ, ಇಂಗಾಲವನ್ನು ಬಿಡುತ್ತಿದೆ. ಟಂಡ್ರಾ ಸರಾಸರಿಯಲ್ಲಿ ಆಗಲೇ ಆ ಕಡೆ ವಾಲಿರಬಹುದು ಎಂದೂ ಇದೇ ಅಧ್ಯಯನ ಹೇಳುತ್ತದೆ.

ನೋವಾ ವರದಿ ಟಂಡ್ರಾ ಮತ್ತು ಬೆಂಕಿಯನ್ನು ಜೋಡಿಸಿ ಮಾತಾಡಿತು. ಜನವರಿಯ ತಲೆಬರಹಗಳು ಟಂಡ್ರಾದ ಜೊತೆ ಕಾಡನ್ನೂ ಸೇರಿಸಿ ಮಾತಾಡಿದವು. ಒಳಗಿನ ವಿಷಯದಲ್ಲಿ ಜಗಳವಿಲ್ಲ. ಕಾಡು ಹೀರುವುದು ಟಂಡ್ರಾ ಬಿಡುವುದನ್ನು ಮುಚ್ಚಿಹಾಕುತ್ತಿದೆ, ಅಷ್ಟೇ.

## ಎರಡು ದೊಡ್ಡ ಸಂಖ್ಯೆ, ನಡುವೆ ಒಂದು ಸಣ್ಣ ವ್ಯತ್ಯಾಸ

ಗಿಡಮರಗಳು ಬೆಳಕಿದ್ದಾಗ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಅವೇ ಗಿಡಗಳು ಉಸಿರಾಡುವಾಗ, ಮಣ್ಣಿನ ಸೂಕ್ಷ್ಮಜೀವಿಗಳು ಸತ್ತ ಬೇರು-ಎಲೆಗಳನ್ನು ಕೊಳೆಸುವಾಗ ಅದು ಮತ್ತೆ ಗಾಳಿಗೆ ಹೋಗುತ್ತದೆ. ಎರಡೂ ಬಹಳ ದೊಡ್ಡ ಹರಿವು. ನಮಗೆ ಬೇಕಾದದ್ದು ಅವುಗಳ ನಡುವಿನ ವ್ಯತ್ಯಾಸ. ಲಕ್ಷ ರೂಪಾಯಿ ಬಂದು ತೊಂಬತ್ತೆಂಟು ಸಾವಿರ ಖರ್ಚಾಗುವ ಮನೆಯಲ್ಲಿ ಖರ್ಚಿನ ಅಂದಾಜು ಶೇ 3ರಷ್ಟು ತಪ್ಪಿದರೂ ಸಾಕು, ಉಳಿತಾಯವೋ ಸಾಲವೋ ಎನ್ನುವುದೇ ತಿರುಗಿಬಿಡುತ್ತದೆ. ಉತ್ತರದ ನೆಲದ ಪರಿಸ್ಥಿತಿಯೂ ಹಾಗೇ.

ಬಿಸಿ ಏರಿದಂತೆ ಎರಡೂ ಹರಿವುಗಳು ದೊಡ್ಡದಾಗುತ್ತಿವೆ. ಬೇಸಿಗೆ ಉದ್ದವಾಗಿದೆ. ಟಂಡ್ರಾದಲ್ಲಿ ಪೊದೆಗಳು ಹಬ್ಬುತ್ತಿವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವುದೂ ಗಿಡಗಳಿಗೆ ಗೊಬ್ಬರವೇ. ಅದೇ ಹೊತ್ತಿಗೆ ಮಣ್ಣು ಆಳದವರೆಗೆ ಕರಗಿ, ಸೂಕ್ಷ್ಮಜೀವಿಗಳಿಗೆ ಹಳೆಯ ಇಂಗಾಲ ಸಿಗುತ್ತಿದೆ. 1958-61ರಲ್ಲಿ ವಿಮಾನಗಳಿಂದ ತೆಗೆದ ಗಾಳಿಯ ಅಳತೆಗಳನ್ನು 2009-11ರ ಅಳತೆಗಳ ಜೊತೆ ಹೋಲಿಸಿದಾಗ, 45 ಡಿಗ್ರಿ ಅಕ್ಷಾಂಶದ ಉತ್ತರಕ್ಕೆ ಬೇಸಿಗೆ ಮತ್ತು ಚಳಿಗಾಲಗಳ ನಡುವಿನ ಏರಿಳಿತ ಸುಮಾರು ಅರ್ಧದಷ್ಟು ಹೆಚ್ಚಿರುವುದು ಕಂಡುಬಂತು. ಉತ್ತರದ ಸಸ್ಯಸಂಪತ್ತು ಮೊದಲಿಗಿಂತ ಜೋರಾಗಿ ಉಸಿರೆಳೆದು ಬಿಡುತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಆದರೆ ಎಳೆದುಕೊಂಡದ್ದು ಜಾಸ್ತಿಯೋ ಬಿಟ್ಟದ್ದು ಜಾಸ್ತಿಯೋ ಎಂದು ಇದೊಂದೇ ಹೇಳಲಾರದು.

ಈ ಎಳೆದಾಟ ಹೊಸದಲ್ಲ. ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದ ತಂಡ 1993ರಲ್ಲೇ ಅಲಾಸ್ಕಾದ ಟಂಡ್ರಾ ಇಂಗಾಲ ಬಿಡಲು ಶುರು ಮಾಡಿದೆ ಎಂದು ಬರೆದಿತ್ತು. 2000ದಲ್ಲಿ ಅದೇ ಸಂಶೋಧಕರು, ಬೇಸಿಗೆಯಲ್ಲಿ ಆ ನೆಲ ಮತ್ತೆ ಹೀರಲು ತೊಡಗಿದೆ ಎಂದು ವರದಿ ಮಾಡಿದರು. ಮೂವತ್ತು ವರ್ಷಗಳಿಂದ ಕೇಳುತ್ತಿರುವ ಪ್ರಶ್ನೆ ಇದು. ಇದರ ಮಹತ್ವ ನೆಲದಡಿಯ ದಾಸ್ತಾನಿನಲ್ಲಿದೆ. ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿ ಅಂದಾಜು 1,46,000 ಕೋಟಿಯಿಂದ 1,60,000 ಕೋಟಿ ಟನ್ ಜೈವಿಕ ಇಂಗಾಲ ಇದೆ. ಈಗ ಇಡೀ ವಾಯುಮಂಡಲದಲ್ಲಿರುವ ಇಂಗಾಲದ ಹೆಚ್ಚುಕಡಿಮೆ ಎರಡು ಪಟ್ಟು.

## ಗಾಳಿಯ ಸುಳಿಗಳಿಂದ ಅಳೆಯುವುದು

ನೆಲದಿಂದ ಬರುವ ಅನಿಲವನ್ನು ಅಳೆಯುವ ಹಳೆಯ ಉಪಾಯ ಚೇಂಬರ್. ಮಣ್ಣಿನ ಮೇಲೆ ಒಂದು ಮುಚ್ಚಿದ ಪೆಟ್ಟಿಗೆಯನ್ನು ಬೋರಲು ಹಾಕಿ, ಒಳಗೆ ಅನಿಲ ಎಷ್ಟು ಬೇಗ ಏರುತ್ತದೆ ಅಥವಾ ಇಳಿಯುತ್ತದೆ ಎಂದು ನೋಡುತ್ತಾರೆ. ಬಹಳ ನಿಖರ. ಆದರೆ ಸಿಗುವುದು ಒಂದು ಚದರ ಮೀಟರ್‌ಗಿಂತ ಕಡಿಮೆ ಜಾಗದ ಲೆಕ್ಕ. ಟಂಡ್ರಾದಲ್ಲಿ ನಾಲ್ಕು ಹೆಜ್ಜೆ ಆಚೆ ಹೋದರೆ ಒಣ ದಿಬ್ಬ ಮುಗಿದು ನೀರು ನಿಂತ ಜೌಗು ಶುರುವಾಗುತ್ತದೆ, ಅನಿಲದ ಲೆಕ್ಕವೂ ಬದಲಾಗುತ್ತದೆ.

ಆದ್ದರಿಂದ ಈಗ ಹೆಚ್ಚು ನಂಬುವುದು ಎಡ್ಡಿ ಕೋವೇರಿಯನ್ಸ್ ಎಂಬ ವಿಧಾನವನ್ನು. ಹೆಸರು ಕಠಿಣ, ಯೋಚನೆ ಸರಳ. ನೆಲದ ಮೇಲೆ ಗಾಳಿ ನೆಟ್ಟಗೆ ಹರಿಯುವುದಿಲ್ಲ, ಸುಳಿಸುಳಿಯಾಗಿ ಉರುಳುತ್ತಾ ಹೋಗುತ್ತದೆ. ಪ್ರತಿ ಸುಳಿಯೂ ಕೆಳಗಿನ ಗಾಳಿಯನ್ನು ಮೇಲಕ್ಕೆ ಎತ್ತುತ್ತದೆ, ಮೇಲಿನದನ್ನು ಕೆಳಕ್ಕೆ ತರುತ್ತದೆ. ಮೇಲೇರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಇಳಿಯುವ ಗಾಳಿಯಲ್ಲಿ ಕಡಿಮೆ ಇದ್ದರೆ ನೆಲ ಬಿಡುತ್ತಿದೆ ಎಂದರ್ಥ. ತಿರುಗುಮುರುಗಾದರೆ ಹೀರುತ್ತಿದೆ.

ಇದಕ್ಕೆ ಒಂದು ಟವರ್ ಬೇಕು. ಟಂಡ್ರಾದಲ್ಲಾದರೆ ಎರಡು ಮೂರು ಮೀಟರ್ ಎತ್ತರ ಸಾಕು, ಕಾಡಿನಲ್ಲಾದರೆ ಮರಗಳ ತುದಿಗಿಂತ ಮೇಲಕ್ಕೆ ಹೋಗಬೇಕು. ಅದರ ತುದಿಯಲ್ಲಿ ಎರಡು ಉಪಕರಣ ಅಕ್ಕಪಕ್ಕ ಇರುತ್ತವೆ. ಒಂದು ಸೋನಿಕ್ ಅನಿಮೋಮೀಟರ್. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಪುಟ್ಟ ಕಡ್ಡಿಗಳಂಥ ತುದಿಗಳ ನಡುವೆ ಕಳಿಸಿ, ತಲುಪಲು ಹಿಡಿದ ಸಮಯದಿಂದ ಗಾಳಿಯ ವೇಗ ಮತ್ತು ದಿಕ್ಕನ್ನು ಅದು ತಿಳಿಯುತ್ತದೆ. ಇನ್ನೊಂದು ಅನಿಲ ವಿಶ್ಲೇಷಕ. ಇಂಗಾಲದ ಡೈಆಕ್ಸೈಡ್ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ನುಂಗಿತು ಎಂದು ನೋಡಿ ಪ್ರಮಾಣ ಹೇಳುತ್ತದೆ. ಎರಡೂ ಸೆಕೆಂಡಿಗೆ 10 ಅಥವಾ 20 ಸಲ ಓದುತ್ತವೆ. 10 ಎಂದಿಟ್ಟುಕೊಂಡರೂ ಅರ್ಧ ಗಂಟೆಗೆ 18,000 ಜೋಡಿ ಓದುಗಳು. ಅಷ್ಟನ್ನೂ ಸೇರಿಸಿದರೆ ಆ ಅರ್ಧ ಗಂಟೆಗೆ ಒಂದು ಸಂಖ್ಯೆ ಸಿಗುತ್ತದೆ. ವರ್ಷಕ್ಕೆ ಇಂಥ 17,520 ಅರ್ಧ ಗಂಟೆಗಳು.

ಅಷ್ಟೂ ಅರ್ಧ ಗಂಟೆ ಯಾವ ಟವರಿನಲ್ಲೂ ಸರಿಯಾಗಿ ಸಿಗುವುದಿಲ್ಲ. ಗಾಳಿ ಸುಮ್ನೆ ನಿಂತ ರಾತ್ರಿಗಳಲ್ಲಿ ಸುಳಿಗಳೇ ಇರುವುದಿಲ್ಲ. ಆಗ ಮಣ್ಣಿನಿಂದ ಬಂದ ಅನಿಲ ನೆಲದ ಮಟ್ಟದಲ್ಲೇ ಉಳಿದು ಪಕ್ಕಕ್ಕೆ ಜಾರುತ್ತದೆ, ಟವರಿನ ತುದಿ ತಲುಪುವುದಿಲ್ಲ. ಅಂಥ ರಾತ್ರಿಗಳ ಓದನ್ನು ತೆಗೆದುಹಾಕಲೇಬೇಕು. ಮಳೆ ಬಿದ್ದಾಗ, ಕನ್ನಡಿಯ ಮೇಲೆ ಹಿಮ ಕೂತಾಗ, ಕರೆಂಟ್ ಹೋದಾಗಲೂ ಓದು ಕೆಡುತ್ತದೆ. ಖಾಲಿ ಜಾಗಗಳನ್ನು ಉಷ್ಣತೆ, ಬೆಳಕು ಮುಂತಾದವುಗಳ ಆಧಾರದಲ್ಲಿ ಅಂದಾಜು ಮಾಡಿ ತುಂಬುತ್ತಾರೆ. ವರ್ಷದ ಒಟ್ಟು ಮೊತ್ತದಲ್ಲಿ ಅಳೆದದ್ದು ಎಷ್ಟು, ತುಂಬಿದ್ದು ಎಷ್ಟು ಎನ್ನುವುದು ಯಾವ ತಲೆಬರಹದಲ್ಲೂ ಬರುವುದಿಲ್ಲ. ಬರಬೇಕಿತ್ತು.

## ಕತ್ತಲಲ್ಲೂ ಹೀರಿದಂತೆ ಕಂಡ ಹಿಮ

ಈ ಕೆಲಸದ ಸೂಕ್ಷ್ಮ ಎಷ್ಟು ಎಂದು ತಿಳಿಯಲು ಒಂದು ಪ್ರಸಂಗ ಸಾಕು. ಟಂಡ್ರಾ ಟವರ್‌ಗಳಲ್ಲಿ ಹಲವು ವರ್ಷ ಓಪನ್ ಪಾತ್ ಮಾದರಿಯ ವಿಶ್ಲೇಷಕಗಳನ್ನೇ ಹೆಚ್ಚು ಬಳಸಿದರು. ಪಂಪ್ ಇಲ್ಲ, ಕೊಳವೆ ಇಲ್ಲ, ಕಡಿಮೆ ಕರೆಂಟ್ ಸಾಕು. ಗಾಳಿ ಉಪಕರಣದ ಎರಡು ತುದಿಗಳ ನಡುವೆ ತಾನಾಗಿ ಹಾದುಹೋಗುತ್ತದೆ. ದೂರದ ನೆಲಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಆದರೆ ಈ ಉಪಕರಣಗಳ ಓದಿನಲ್ಲಿ ಚಳಿಗಾಲದಲ್ಲೂ ನೆಲ ಇಂಗಾಲ ಹೀರುತ್ತಿರುವಂತೆ ಕಾಣುತ್ತಿತ್ತು. ಸೂರ್ಯ ಇಲ್ಲ, ಗಿಡ ಹಿಮದಡಿ ಹೂತುಹೋಗಿದೆ. ದ್ಯುತಿಸಂಶ್ಲೇಷಣೆ ಸಾಧ್ಯವೇ ಇಲ್ಲ. ಹಾಗಾದರೆ ಹೀರಿದ್ದು ಯಾರು?

ಯಾರೂ ಅಲ್ಲ. ಕೊರೆಯುವ ಚಳಿಯಲ್ಲಿ ಉಪಕರಣದ ಒಳಗಿನ ಎಲೆಕ್ಟ್ರಾನಿಕ್ಸ್ ಅದರ ಮೈಯನ್ನು ಸುತ್ತಲಿನ ಗಾಳಿಗಿಂತ ಬೆಚ್ಚಗಿಡುತ್ತದೆ. ನಡುವೆ ಹಾದುಹೋಗುವ ಗಾಳಿ ಚೂರು ಬಿಸಿಯಾಗಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಅನಿಲದ ಅಣುಗಳು ಕಡಿಮೆ. ವಿಶ್ಲೇಷಕ ಎಣಿಸುವುದು ಜಾಗಕ್ಕೆ ಎಷ್ಟು ಅಣು ಎಂದು. ಹೀಗಾಗಿ ಮೇಲೇರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇದೆ ಎಂದು ಅದು ತಪ್ಪು ತಿಳಿಯುತ್ತದೆ. ಸಹಜವಾಗಿ ಬಿಸಿಗಾಳಿ ಮೇಲೇರುವುದರಿಂದ ಆಗುವ ಇಂಥ ತಪ್ಪಿಗೆ 1980ರಿಂದಲೇ ತಿದ್ದುಪಡಿ ಸೂತ್ರ ಇತ್ತು. ಆದರೆ ಆ ಸೂತ್ರಕ್ಕೆ ಸುತ್ತಲಿನ ಗಾಳಿಯ ಬಿಸಿ ಗೊತ್ತು, ಉಪಕರಣದ ಸ್ವಂತ ಬಿಸಿ ಗೊತ್ತಿಲ್ಲ. 2008ರಲ್ಲಿ ಇದಕ್ಕೇ ಬೇರೆ ತಿದ್ದುಪಡಿ ಪ್ರಕಟವಾಯಿತು. ಆಮೇಲೆ ಚಳಿಗೆ ತಕ್ಕ ಹೊಸ ಉಪಕರಣಗಳೂ ಬಂದವು.

ತಪ್ಪು ಸಣ್ಣದೇ. ಆದರೆ ಚಳಿಗಾಲದಲ್ಲಿ ನೆಲ ಬಿಡುವ ಅನಿಲವೂ ಅಷ್ಟೇ ಸಣ್ಣದು. ಅದು ತಿಂಗಳುಗಟ್ಟಲೆ ಬಿಡುತ್ತಲೇ ಇರುವುದರಿಂದ ವರ್ಷದ ಕೊನೆಗೆ ದೊಡ್ಡ ಮೊತ್ತವಾಗುತ್ತದೆ. ತಿದ್ದದ ಹಳೆಯ ಓದು ಅಂದರೆ ಹೀರುವ ಕಡೆಗೆ ವಾಲಿದ ಲೆಕ್ಕ. ಹಳೆಯ ಮತ್ತು ಹೊಸ ದತ್ತಾಂಶವನ್ನು ಒಂದೇ ಗೆರೆಯಲ್ಲಿ ಜೋಡಿಸುವವರು ಇಷ್ಟೊಂದು ಎಚ್ಚರ ವಹಿಸುವುದು ಇದಕ್ಕೇ.

## ಯಾರೂ ಅಳೆಯದೆ ಬಿಟ್ಟ ತಿಂಗಳುಗಳು

ದಶಕಗಳ ಕಾಲ ಆರ್ಕ್ಟಿಕ್‌ನಲ್ಲಿ ಅಳತೆ ಅಂದರೆ ಬೇಸಿಗೆಯ ಅಳತೆ. ಜೂನ್‌ನಲ್ಲಿ ಹೋಗಿ ಆಗಸ್ಟ್‌ನಲ್ಲಿ ವಾಪಸ್. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಎಲ್ಲವೂ ನಿಂತುಹೋಗುತ್ತದೆ ಎನ್ನುವ ನಂಬಿಕೆಯೂ ಇದಕ್ಕೆ ಅನುಕೂಲವಾಗಿತ್ತು.

ವಾಸ್ತವ ಬೇರೆ. ಶರತ್ಕಾಲದಲ್ಲಿ ನೆಲ ಮೇಲಿನಿಂದಲೂ ಕೆಳಗಿನಿಂದಲೂ ಹೆಪ್ಪುಗಟ್ಟುತ್ತಾ ಬರುತ್ತದೆ. ನಡುವಿನ ಪದರ ವಾರಗಟ್ಟಲೆ, ಕೆಲವು ಕಡೆ ತಿಂಗಳುಗಟ್ಟಲೆ, ಸೊನ್ನೆ ಡಿಗ್ರಿಯ ಹತ್ತಿರವೇ ಉಳಿಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಬಿಡುವ ಶಾಖ ಅದನ್ನು ಕಾಪಾಡುತ್ತದೆ. ಮೇಲೆ ಬಿದ್ದ ಹಿಮ ಹೊರಗಿನ ಚಳಿಯನ್ನು ತಡೆಯುತ್ತದೆ. ಒಳಗೆ ಸೂಕ್ಷ್ಮಜೀವಿಗಳ ಕೆಲಸ ನಡೆದೇ ಇರುತ್ತದೆ. ಅಲಾಸ್ಕಾದ ಐದು ಟವರ್‌ಗಳಲ್ಲಿ ವರ್ಷಪೂರ್ತಿ ಮೀಥೇನ್ (ಜೌಗಿನಲ್ಲಿ ಹುಟ್ಟುವ, ಇಂಗಾಲದ ಇನ್ನೊಂದು ಅನಿಲ) ಅಳೆದ ಅಧ್ಯಯನ 2016ರಲ್ಲಿ ಬಂತು. ವರ್ಷದ ಮೀಥೇನ್‌ನಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಹೊರಬಂದದ್ದು ಚಳಿಯ ತಿಂಗಳುಗಳಲ್ಲಿ.

ಇಂಗಾಲದ ಡೈಆಕ್ಸೈಡ್‌ನದೂ ಇದೇ ಕತೆ. ಅಲಾಸ್ಕಾದ ಉತ್ತರ ತುದಿಯ ಬ್ಯಾರೋದಲ್ಲಿ, ಅಂದರೆ ಈಗಿನ ಉಟ್ಕಿಯಾಗ್ವಿಕ್‌ನಲ್ಲಿ, ನೋವಾ ವೀಕ್ಷಣಾಲಯ 1973ರಿಂದ ಇದೆ. ಅಲ್ಲಿನ ದಾಖಲೆಯನ್ನು ವಿಮಾನಗಳ ಅಳತೆಯ ಜೊತೆ ಇಟ್ಟು ನೋಡಿದ 2017ರ ಅಧ್ಯಯನದ ಪ್ರಕಾರ, ಚಳಿಗಾಲದ ಆರಂಭದಲ್ಲಿ ಟಂಡ್ರಾ ಬಿಡುವ ಇಂಗಾಲದ ಡೈಆಕ್ಸೈಡ್ 1975ರಿಂದ ಶೇ 73ರಷ್ಟು ಹೆಚ್ಚಿದೆ. 2019ರಲ್ಲಿ ವುಡ್‌ವೆಲ್‌ನ ಸೂಸನ್ ನಟಾಲಿ ಮತ್ತು ಜೊತೆಗಾರರು ಇಡೀ ಪರ್ಮಾಫ್ರಾಸ್ಟ್ ಪ್ರದೇಶದ ಲೆಕ್ಕ ಹಾಕಿದರು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹೊರಬರುವುದು ವರ್ಷಕ್ಕೆ ಸುಮಾರು 170 ಕೋಟಿ ಟನ್ ಇಂಗಾಲ. ಬೇಸಿಗೆಯಲ್ಲಿ ಹೀರುವುದು ಸುಮಾರು 100 ಕೋಟಿ ಟನ್.

ಹಾಗಿದ್ದರೆ ಪ್ರಶ್ನೆ ಅಲ್ಲೇ ಮುಗಿಯಬೇಕಿತ್ತಲ್ಲ? ಮುಗಿಯಲಿಲ್ಲ, ಯಾಕೆಂದರೆ ಚಳಿಗಾಲದ ಸಂಖ್ಯೆ ನೆಲದ ಮೇಲಿನ ಅಳತೆಗಳಿಂದ ಬಂದದ್ದು, ಬೇಸಿಗೆಯದು ಕಂಪ್ಯೂಟರ್ ಮಾದರಿಗಳಿಂದ ತೆಗೆದುಕೊಂಡದ್ದು. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಸಂಖ್ಯೆಗಳನ್ನು ಕಳೆದಾಗ ದಾರಿಗಳ ದೋಷವೂ ಉತ್ತರದಲ್ಲಿ ಸೇರಿಕೊಳ್ಳುತ್ತದೆ. 2025ರ ಅಧ್ಯಯನ ವರ್ಷಪೂರ್ತಿಯ ಲೆಕ್ಕವನ್ನು ಒಂದೇ ವಿಧಾನದಿಂದ ಹಾಕಿತು. ಉತ್ತರ ಬದಲಾಯಿತು. ಈ ಕಾರಣಕ್ಕೆ ಹೊಸ ಲೆಕ್ಕಕ್ಕೇ ಹೆಚ್ಚು ತೂಕ ಕೊಡಬೇಕು. ಆದರೂ ಅದರಲ್ಲಿ ಚಳಿಗಾಲದ ಓದು ಬೇಸಿಗೆಯ ಓದಿಗಿಂತ ಬಹಳ ಕಡಿಮೆ ಎನ್ನುವುದನ್ನು ಮರೆಯಬಾರದು.

ಚಳಿಗಾಲದಲ್ಲಿ ಟವರ್ ನಡೆಸುವುದು ಸುಲಭವೂ ಅಲ್ಲ. ಸೋಲಾರ್ ಪ್ಯಾನೆಲ್ ಕೆಲಸ ಮಾಡುವುದಿಲ್ಲ. ಸೋನಿಕ್ ಅನಿಮೋಮೀಟರ್‌ನ ತುದಿಗಳ ಮೇಲೆ ಮಂಜು ಗಟ್ಟಿದರೆ ಶಬ್ದ ಹಾಯುವುದಿಲ್ಲ. ಹೀಟರ್ ಹಾಕಬೇಕು, ಅದಕ್ಕೆ ಕರೆಂಟ್ ಬೇಕು, ಕರೆಂಟಿಗೆ ಬ್ಯಾಟರಿಯೋ ಇಂಧನವೋ ಬೇಕು. ಕೆಟ್ಟರೆ ರಿಪೇರಿಗೆ ಹೋಗಲು ಹೆಲಿಕಾಪ್ಟರ್ ಅಥವಾ ಸ್ನೋಮೊಬೈಲ್. ಅಳತೆ ಇಲ್ಲದ ಕಡೆಗಳ ಹಿಂದೆ ಅಸಡ್ಡೆಗಿಂತ ಈ ಖರ್ಚೇ ಹೆಚ್ಚಾಗಿ ಇದೆ.

## ಮೇಲಿನಿಂದ ನೋಡಿದಾಗ, ಕೆಳಗಿನಿಂದ ಎಣಿಸಿದಾಗ

ಟವರ್ ಮತ್ತು ಚೇಂಬರ್‌ಗಳಿಂದ ಶುರು ಮಾಡಿ ಇಡೀ ಪ್ರದೇಶಕ್ಕೆ ಹಿಗ್ಗಿಸುವುದು ಕೆಳಗಿನಿಂದ ಎಣಿಸುವ ದಾರಿ. ಇನ್ನೊಂದು ದಾರಿ ತಲೆಕೆಳಗು. ಬ್ಯಾರೋದಂಥ ವೀಕ್ಷಣಾಲಯಗಳು, ಸೈಬೀರಿಯಾದ ಝೊಟಿನೊದಲ್ಲಿರುವ 304 ಮೀಟರ್ ಎತ್ತರದ ಟವರ್, ವಿಮಾನ, ಉಪಗ್ರಹ, ಇವುಗಳಿಂದ ಗಾಳಿಯಲ್ಲಿರುವ ಅನಿಲದ ಪ್ರಮಾಣ ತಿಳಿದು, ಗಾಳಿ ಬೀಸಿದ ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿ, ಯಾವ ನೆಲದಿಂದ ಎಷ್ಟು ಬಂತು ಎಂದು ಊಹಿಸುವುದು. ಗಾಳಿಗೆ ಏನನ್ನೂ ಬಿಟ್ಟುಬಿಡಲು ಆಗುವುದಿಲ್ಲ ಎನ್ನುವುದು ಈ ದಾರಿಯ ಬಲ. ಬಂದದ್ದು ಕಾಡಿನಿಂದಲೋ ಕೆರೆಯಿಂದಲೋ ಎಂದು ಬಿಡಿಸಿ ಹೇಳಲಾಗದು ಎನ್ನುವುದು ದೌರ್ಬಲ್ಯ.

ಎರಡೂ ದಾರಿಯ ಉತ್ತರಗಳು ಹೊಂದುತ್ತಿಲ್ಲ. 2000ರಿಂದ 2020ರವರೆಗಿನ ಪರ್ಮಾಫ್ರಾಸ್ಟ್ ಪ್ರದೇಶದ ಲೆಕ್ಕವನ್ನು 2024ರಲ್ಲಿ ಪ್ರಕಟಿಸಿದ ದೊಡ್ಡ ಅಂತರರಾಷ್ಟ್ರೀಯ ತಂಡ ಇದನ್ನು ಶೀರ್ಷಿಕೆಯಲ್ಲೇ ಹೇಳಿತು. ಇಂಗಾಲದ ಡೈಆಕ್ಸೈಡ್ ಮಟ್ಟಿಗೆ ಈ ನೆಲ ದುರ್ಬಲವಾಗಿ ಹೀರುತ್ತಿರಬಹುದು. ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಟ್ಟಿಗೆ ಖಂಡಿತ ಬಿಡುತ್ತಿದೆ. ಪ್ರಮಾಣ ಮಾತ್ರ ವಿಧಾನಕ್ಕೆ ತಕ್ಕಂತೆ ಬದಲಾಗುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಹೀರುತ್ತಿದೆ ಎನ್ನುವ ಸುದ್ದಿಗಳು ಬಹುಪಾಲು ಬರೀ ಇಂಗಾಲದ ಡೈಆಕ್ಸೈಡ್‌ನವು. ಮೀಥೇನ್ ಅದರ ಹೊರಗೆ. ತೂಕಕ್ಕೆ ತೂಕ ಹಿಡಿದರೆ ನೂರು ವರ್ಷದ ಅವಧಿಯಲ್ಲಿ ಮೀಥೇನ್ ಸುಮಾರು 28 ಪಟ್ಟು, ಇಪ್ಪತ್ತು ವರ್ಷದಲ್ಲಿ ಸುಮಾರು 80 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಆದ್ದರಿಂದ ಒಂದೇ ಜೌಗು ಇಂಗಾಲವನ್ನು ಹೀರುತ್ತಲೇ ಭೂಮಿಯನ್ನು ಬಿಸಿ ಮಾಡುತ್ತಿರಲು ಸಾಧ್ಯ.

ಉಪಗ್ರಹಗಳಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಜಪಾನಿನ ಗೋಸ್ಯಾಟ್ 2009ರಿಂದ, ನಾಸಾದ ಓಸಿಒ-2 2014ರಿಂದ ಮೇಲಿವೆ. ಎರಡೂ ನೆಲದಿಂದ ಪ್ರತಿಫಲಿಸಿದ ಬಿಸಿಲನ್ನು ನೋಡಿ ಅಳೆಯುತ್ತವೆ. ಆರ್ಕ್ಟಿಕ್ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ನೆಲದ ಮೇಲೆ ಅಳತೆ ಕಡಿಮೆ ಇರುವ ಅದೇ ತಿಂಗಳುಗಳಲ್ಲಿ ಇವೂ ಕುರುಡು.

## ಬೆಂಕಿ ಬೇರೆ ಪುಸ್ತಕದಲ್ಲಿ

ಟವರ್ ಬೆಂಕಿಯನ್ನು ಅಳೆಯಲಾರದು. ಬೆಂಕಿಯ ಲೆಕ್ಕ ಉಪಗ್ರಹದಿಂದ ಬರುತ್ತದೆ: ಎಷ್ಟು ಜಾಗ ಸುಟ್ಟಿತು, ಅಲ್ಲಿ ಸುಡುವಂಥದ್ದು ಎಷ್ಟಿತ್ತು, ಎಷ್ಟು ಆಳಕ್ಕೆ ಸುಟ್ಟಿತು. ಕೊನೆಯದು ಕಷ್ಟ. ಬೋರಿಯಲ್ ಕಾಡಿನಲ್ಲಿ ಮರಕ್ಕಿಂತ ನೆಲದ ಮೇಲಿನ ಪಾಚಿ, ಪೀಟ್ (ಅರೆಬರೆ ಕೊಳೆತ ಸಸ್ಯಗಳ ಮಣ್ಣು) ಪದರಗಳಲ್ಲೇ ಇಂಗಾಲ ಜಾಸ್ತಿ. ಬೆಂಕಿ ಆ ಪದರಕ್ಕೆ ಇಳಿದರೆ ಶತಮಾನಗಳ ಸಂಗ್ರಹ ಒಂದೇ ಬೇಸಿಗೆಯಲ್ಲಿ ಹೋಗುತ್ತದೆ. ಹೊದಿಕೆ ಹೋದ ನೆಲ ಇನ್ನಷ್ಟು ಬಿಸಿಯಾಗಿ, ಕೆಳಗಿನ ಪರ್ಮಾಫ್ರಾಸ್ಟ್ ಇನ್ನಷ್ಟು ಕರಗುತ್ತದೆ.

ನೋವಾ ವರದಿಯ ಪ್ರಕಾರ 2003ರಿಂದ ಈಚೆಗೆ ಧ್ರುವದ ಸುತ್ತಲಿನ ಕಾಳ್ಗಿಚ್ಚುಗಳು ವರ್ಷಕ್ಕೆ ಸರಾಸರಿ 20.7 ಕೋಟಿ ಟನ್ ಇಂಗಾಲ ಬಿಟ್ಟಿವೆ. 2023ರಲ್ಲಿ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತು. ಉಪಗ್ರಹದ ಅಳತೆಗಳಿಂದ ಹಾಕಿದ ಅಂದಾಜಿನಂತೆ ಆ ಒಂದೇ ಬೆಂಕಿ ಋತುವಿನಲ್ಲಿ 64.7 ಕೋಟಿ ಟನ್ ಇಂಗಾಲ ಹೊರಬಂತು. ಆ ವರ್ಷಕ್ಕೆ ಕಲ್ಲಿದ್ದಲು-ಎಣ್ಣೆ ಸುಟ್ಟು ಅದಕ್ಕಿಂತ ಹೆಚ್ಚು ಬಿಡುವ ದೇಶಗಳು ಮೂರೇ: ಚೀನಾ, ಅಮೆರಿಕ, ಭಾರತ. ಇಡೀ ಉತ್ತರ ಪ್ರದೇಶ ಬೆಂಕಿಯನ್ನು ಬಿಟ್ಟು ವರ್ಷಕ್ಕೆ ಸರಾಸರಿ ಹೀರುತ್ತಿದ್ದದ್ದು 54.8 ಕೋಟಿ ಟನ್ ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ. 2025ರ ಅಧ್ಯಯನದ ಅವಧಿ 2020ಕ್ಕೇ ಮುಗಿಯುತ್ತದೆ. 2023 ಅದರಲ್ಲಿಲ್ಲ.

## ಸೈಬೀರಿಯಾದ ದೊಡ್ಡ ಖಾಲಿ ಜಾಗ

ಉತ್ತರದ ಪರ್ಮಾಫ್ರಾಸ್ಟ್‌ನ ಅರ್ಧಕ್ಕಿಂತ ಹೆಚ್ಚು ಇರುವುದು ರಷ್ಯಾದಲ್ಲಿ. ಅಲ್ಲಿ ಟವರ್‌ಗಳು ಮೊದಲೇ ವಿರಳ. ಇದ್ದ ಕೆಲವು ಮುಖ್ಯ ಕೇಂದ್ರಗಳು, ಲೀನಾ ನದಿಯ ಮುಖಜ ಭೂಮಿಯ ಸಮೊಯ್ಲೊವ್ ದ್ವೀಪ, ಈಶಾನ್ಯದ ಚೆರ್ಸ್ಕಿ ಇತ್ಯಾದಿ, ಜರ್ಮನಿ ಮುಂತಾದ ದೇಶಗಳ ಸಹಕಾರದಿಂದ ನಡೆಯುತ್ತಿದ್ದವು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಆ ಸಹಕಾರ ಕಡಿದುಬಿತ್ತು. ರಷ್ಯಾದ ಕೇಂದ್ರಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಆರ್ಕ್ಟಿಕ್‌ನ ಚಿತ್ರವೇ ವಾಲುತ್ತದೆ ಎಂದು 2024ರ ಜನವರಿಯ ಒಂದು ಅಧ್ಯಯನ ತೋರಿಸಿತು. ಮಾದರಿಗಳು ಅಲಾಸ್ಕಾ, ಸ್ಕ್ಯಾಂಡಿನೇವಿಯಾಗಳಲ್ಲಿ ಕಲಿತದ್ದನ್ನು ಸೈಬೀರಿಯಾಕ್ಕೆ ಅನ್ವಯಿಸಬೇಕಾಗಿದೆ. ಅಲ್ಲಿನ ಲಾರ್ಚ್ ಕಾಡು, ಮಂಜುಗಡ್ಡೆ ತುಂಬಿದ ಹಳೆಯ ಮಣ್ಣು ಬೇರೆ ಕಡೆ ಅಷ್ಟಾಗಿ ಇಲ್ಲ.

ಇನ್ನೊಂದು ಕೊರತೆ ಜಾಗದ ಆಯ್ಕೆಯದು. ಟವರ್ ನಿಲ್ಲಿಸಲು ಗಟ್ಟಿಯಾದ, ಸಮತಟ್ಟಾದ ನೆಲ ಬೇಕು. ಮಂಜುಗಡ್ಡೆ ಕರಗಿ ದಿಢೀರನೆ ಕುಸಿದು ಹೊಂಡವಾಗುವ ಕಡೆ ಅದು ನಿಲ್ಲುವುದಿಲ್ಲ. ಇಂಥ ಕುಸಿತ ಆಗಬಹುದಾದ ಜಾಗ ಪರ್ಮಾಫ್ರಾಸ್ಟ್‌ನ ಐದನೇ ಒಂದು ಭಾಗದಷ್ಟು ಎಂದು ಅಂದಾಜು. ಆದರೆ ಅಲ್ಲಿ ಹೂತಿರುವ ಇಂಗಾಲ ಸುಮಾರು ಅರ್ಧ.

## ಇದರಿಂದ ಆಗುವುದೇನು

ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿಯ 2021ರ ವರದಿಯಲ್ಲಿ ಭೂಮಿ ಬಿಸಿಯಾಗುವ ಪ್ರತಿ 1 ಡಿಗ್ರಿಗೆ 2100ರ ಹೊತ್ತಿಗೆ ಪರ್ಮಾಫ್ರಾಸ್ಟ್ ಸುಮಾರು 1,800 ಕೋಟಿ ಟನ್ ಇಂಗಾಲವನ್ನು ಡೈಆಕ್ಸೈಡ್ ಆಗಿ ಬಿಡಬಹುದು ಎಂದಿದೆ. ವ್ಯಾಪ್ತಿ 300 ಕೋಟಿಯಿಂದ 4,100 ಕೋಟಿವರೆಗೆ. ಆ ಕೆಳ ಅಂಚು ಮತ್ತು ಮೇಲಂಚುಗಳ ನಡುವಿನ ಅಂತರವೇ ಭಾರತ ಈಗಿನ ದರದಲ್ಲಿ ನಲವತ್ತು ವರ್ಷಕ್ಕೂ ಜಾಸ್ತಿ ಕಾಲ ಬಿಡುವ ಇಂಗಾಲಕ್ಕೆ ಸಮ. ತಾಪಮಾನವನ್ನು ಇಂಥ ಮಿತಿಯಲ್ಲಿ ಇಡಬೇಕಾದರೆ ಜಗತ್ತು ಇನ್ನೆಷ್ಟು ಸುಡಬಹುದು ಎನ್ನುವ ಲೆಕ್ಕದಿಂದ ಇದನ್ನು ಕಳೆಯಬೇಕು. ಉಳಿದ ಪಾಲನ್ನು ಹಂಚಿಕೊಳ್ಳುವ ಮಾತುಕತೆಯಲ್ಲಿ ಭಾರತದಂಥ ದೇಶಗಳಿಗೆ ಇದು ದೂರದ ವಿಷಯವಲ್ಲ. ಉತ್ತರದ ನೆಲ ಹೆಚ್ಚು ಬಿಟ್ಟಷ್ಟೂ ಎಲ್ಲರ ಪಾಲು ಕಿರಿದಾಗುತ್ತದೆ, ಇನ್ನೂ ಬೆಳೆಯಬೇಕಾದವರ ಮೇಲೆ ಒತ್ತಡ ಹೆಚ್ಚುತ್ತದೆ.

ಉತ್ತರದ ದೇಶಗಳಿಗೆ ಪೆಟ್ಟು ಇನ್ನೂ ನೇರ. ಫಿನ್ಲೆಂಡ್ 2035ಕ್ಕೆ ಇಂಗಾಲ ತಟಸ್ಥವಾಗುವುದಾಗಿ, ಅಂದರೆ ಬಿಟ್ಟಷ್ಟನ್ನೂ ಹೀರಿಸುವುದಾಗಿ, ಕಾನೂನು ಮಾಡಿದೆ. ತನ್ನ ಕಾಡು ಹೀರುವುದರ ಮೇಲೆ ದೊಡ್ಡ ಭರವಸೆ ಇಟ್ಟೇ ಆ ಗುರಿ ಹಾಕಿಕೊಂಡದ್ದು. 2021ರ ಲೆಕ್ಕ ಹೊರಬಂದಾಗ ಅದರ ಭೂಬಳಕೆ ವಲಯ ಹೀರುವ ಬದಲು ಬಿಡುವ ಕಡೆಗೆ ತಿರುಗಿತ್ತು. ಮರ ಕಡಿಯುವುದು ಹೆಚ್ಚಾದದ್ದು, ಬೆಳವಣಿಗೆ ನಿಧಾನವಾದದ್ದು, ನೀರು ಬಸಿದ ಪೀಟ್ ನೆಲಗಳು ಕೊಳೆಯುತ್ತಿರುವುದು ಇದಕ್ಕೆ ಮುಖ್ಯ ಕಾರಣಗಳು. ಇನ್ನು ಕೆನಡಾ ಕಾಳ್ಗಿಚ್ಚಿನಂಥ ನೈಸರ್ಗಿಕ ಹಾನಿಯ ಹೊಗೆಯನ್ನು ತನ್ನ ರಾಷ್ಟ್ರೀಯ ಮೊತ್ತದಿಂದ ಹೊರಗಿಡುತ್ತದೆ. ನಿಯಮದ ಪ್ರಕಾರ ಅದಕ್ಕೆ ಅವಕಾಶ ಇದೆ. ಪರ್ಮಾಫ್ರಾಸ್ಟ್ ಕರಗಿ ಬರುವ ಅನಿಲವೂ ಮನುಷ್ಯರ ನಿರ್ವಹಣೆಯಲ್ಲಿಲ್ಲದ ನೆಲದ್ದಾದರೆ ಯಾವ ದೇಶದ ಖಾತೆಗೂ ಹೋಗುವುದಿಲ್ಲ. ಯಾರ ಖಾತೆಗೂ ಸೇರದಿದ್ದರೂ ವಾಯುಮಂಡಲಕ್ಕೆ ಸೇರುತ್ತದೆ. ಈ ನಿಯಮವನ್ನು ತಿದ್ದುವ ಮಾತು ಜೋರಾಗಿ ಬರಬೇಕು.

## ಅಳತೆಗೆ ದುಡ್ಡು ಎಲ್ಲಿಂದ

ವುಡ್‌ವೆಲ್ ಕೇಂದ್ರ 2022ರಲ್ಲಿ ದಾನಿಗಳ 4.1 ಕೋಟಿ ಡಾಲರ್ ನೆರವಿನಿಂದ ಪರ್ಮಾಫ್ರಾಸ್ಟ್ ಪಾತ್‌ವೇಸ್ ಎಂಬ ಯೋಜನೆ ಶುರು ಮಾಡಿತು. ಅಳತೆ ಇಲ್ಲದ ಕಡೆ ಹೊಸ ಟವರ್ ನಿಲ್ಲಿಸುವುದು, ಇದ್ದವನ್ನು ಚಳಿಗಾಲಕ್ಕೆ ಸಜ್ಜು ಮಾಡುವುದು ಅದರ ಒಂದು ಭಾಗ. ಯುರೋಪಿನಲ್ಲಿ ಹೆಲ್ಸಿಂಕಿ ಕೇಂದ್ರವಾಗಿರುವ, ಇಂಗಾಲ ಅಳೆಯುವ ಕೇಂದ್ರಗಳ ಐಕಾಸ್ ಜಾಲ ಒಂದೇ ಮಟ್ಟದ ಉಪಕರಣ, ಒಂದೇ ಲೆಕ್ಕದ ಕ್ರಮ ಇಟ್ಟುಕೊಂಡಿದೆ. ಭಾರತಕ್ಕೂ ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ನ್ಯೂ ಓಲೆಸುಂಡ್‌ನಲ್ಲಿ 2008ರಿಂದ ಹಿಮಾದ್ರಿ ಕೇಂದ್ರ ಇದೆ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಚಳಿಗಾಲದ ತಂಡ ಅಲ್ಲಿಗೆ ಹೋಯಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಆ ತಂಡದಲ್ಲಿದ್ದರು. ವರ್ಷಪೂರ್ತಿ ಜನ ಇರುವ ಕೇಂದ್ರಕ್ಕೆ ಈ ಅಳತೆಗಳಲ್ಲೂ ಪಾಲು ಪಡೆಯುವ ಅವಕಾಶ ಇದೆ.

ಇನ್ನೊಂದು ಕಡೆ, 2026ರ ಆರ್ಥಿಕ ವರ್ಷಕ್ಕೆ ಅಮೆರಿಕ ಸರ್ಕಾರ ಮುಂದಿಟ್ಟ ಬಜೆಟ್ ಪ್ರಸ್ತಾವದಲ್ಲಿ ನೋವಾದ ಸಂಶೋಧನಾ ವಿಭಾಗವನ್ನೇ ತೆಗೆದುಹಾಕುವ ಮಾತಿತ್ತು. ಬ್ಯಾರೋ ವೀಕ್ಷಣಾಲಯ ಬರುವುದು ಅದೇ ವಿಭಾಗದಡಿ. ಚಳಿಗಾಲದ ಶೇ 73ರ ಏರಿಕೆ ಕಂಡದ್ದು ಅಲ್ಲಿ ನಾಲ್ಕು ದಶಕ ಬಿಡದೆ ಬರೆದಿಟ್ಟ ದಾಖಲೆ ಇದ್ದದ್ದರಿಂದ. ಮೂರು ವರ್ಷದ ಯೋಜನೆ ಎಷ್ಟೇ ಒಳ್ಳೆಯದಿದ್ದರೂ ಅಂಥ ಏರಿಕೆಯನ್ನು ಹಿಡಿಯಲಾರದು. ಕೆನಡಾ, ಅಲಾಸ್ಕಾಗಳ ಹೊಸ ಟವರ್‌ಗಳಿಂದ ಚಿತ್ರ ಸ್ವಲ್ಪ ತಿಳಿಯಾಗಬಹುದು. ಆದರೆ ಸೈಬೀರಿಯಾದ ಓದು ಹಂಚಿಕೆಯಾಗದೆ, ಹಳೆಯ ವೀಕ್ಷಣಾಲಯಗಳಿಗೆ ಖಾಯಂ ದುಡ್ಡು ಸಿಗದೆ, ಪರ್ಮಾಫ್ರಾಸ್ಟ್ ಲೆಕ್ಕದಲ್ಲಿರುವ ಆ 12.3 ಕೋಟಿ ಟನ್ನಿನ ಅನಿಶ್ಚಿತತೆ ಮುಂದಿನ ವರದಿಗಳಲ್ಲೂ ಅಷ್ಟು ಬೇಗ ಇಳಿಯುವ ಲಕ್ಷಣ ಕಾಣುತ್ತಿಲ್ಲ.